ಗಿಡದಲ್ಲಿ ದೋಷವುಂಟೆ?

ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಷಡ್ಲೇಶ್ಯೆಗಳ ವೃಕ್ಷವೂ ಒಂದು. ಹಸಿದ ಆರು ಮಂದಿ ಹಣ್ಣು ತುಂಬಿದ ಮರವೊಂದನ್ನು ಕಾಣುತ್ತಾರೆ. ಒಬ್ಬನು ಅದನ್ನು ಬುಡಸಹಿತ ಕಡಿಯಬೇಕೆಂದು ಎಣಿಸುತ್ತಾನೆ. ಎರಡನೆಯವನು ಹೆಗ್ಗೊಂಬೆಯನ್ನು, ಮೂರನೆಯವನು ಕಿರುಗೊಂಬೆಯನ್ನು, ನಾಲ್ಕನೆಯವನು ಗೊಂಚಲನ್ನು, ಐದನೆಯವನು ಹಣ್ಣನ್ನಷ್ಟೇ ಕೀಳಬೇಕೆನ್ನುತ್ತಾನೆ. ಆರನೆಯವನು ನೆಲಕ್ಕೆ ಉದುರಿದುದನ್ನು ಆಯ್ದುಕೊಂಡು ತೃಪ್ತನಾಗುತ್ತಾನೆ. ಮರವೂ ಒಂದೇ, ಹಸಿವೂ ಒಂದೇ. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗಿನ ಅಂತರವೆಲ್ಲ ಭಾವದಲ್ಲಿ ಮಾತ್ರ. ಪಾಠಶಾಲೆಯ ಮಕ್ಕಳಿಗೂ ತಿಳಿದಿರುವ ಈ ದೃಷ್ಟಾಂತವನ್ನು ಇಂದಿನ ಒಂದು ಪ್ರಶ್ನೆಯ ಮುಂದೆ ಇಟ್ಟು ನೋಡುವುದು ಉಚಿತವೆನಿಸುತ್ತದೆ. ಆ ಪ್ರಶ್ನೆ ಗಾಂಜಾ ಗಿಡವನ್ನು ಕುರಿತದ್ದು.

ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ದೇವಾಪುರದ ಸುತ್ತಿನ ಸೀಮೆ ಎರೆಭೂಮಿಯದು. ದಕ್ಷಿಣಕ್ಕೆ ಕೃಷ್ಣೆ ಹರಿಯುತ್ತಾಳೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಟ ಎಡದಂಡೆ ಕಾಲುವೆ ಸುರಪುರ, ಶಹಾಪುರ ತಾಲೂಕುಗಳ ಬಹುಭಾಗಕ್ಕೆ ನೀರುಣಿಸುತ್ತದೆ. ಜೋಳ, ತೊಗರಿ, ಹತ್ತಿ, ಭತ್ತ, ಮೆಣಸಿನಕಾಯಿ ಇಲ್ಲಿಯ ಬೆಳೆಗಳು. ಆಳೆತ್ತರ ಬೆಳೆದ ಹತ್ತಿ, ತೊಗರಿಗಳ ನಡುವೆ ಗಾಂಜಾ ಗಿಡಗಳನ್ನು ಮರೆಮಾಡಿ ಬೆಳೆದುದನ್ನು ಪೊಲೀಸರು ಪತ್ತೆಹಚ್ಚಿ ಕಿತ್ತರೆಂಬ ಸುದ್ದಿ ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಆಗಾಗ ಬರುತ್ತಿರುತ್ತದೆ. ಅದೇ ಸುರಪುರ ತಾಲೂಕಿನಲ್ಲಿ, ಕೃಷ್ಣಾತೀರದ ತಿಂಥಣಿಯಲ್ಲಿ ಮೌನೇಶ್ವರರ ಪ್ರಸಿದ್ಧ ಕ್ಷೇತ್ರವಿದೆ. ಅಲ್ಲಿ ಕೆಲವು ಭಕ್ತರು ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ರೂಢಿಯನ್ನು ಕುರಿತು 2020ರಲ್ಲಿ ಪತ್ರಿಕೆಗಳು ವರದಿ ಮಾಡಿದುವು. ಹೀಗೆ ಒಂದೇ ಗಿಡ ಒಂದು ಹೊಲದಲ್ಲಿ ಅಪರಾಧ, ಒಂದು ಜಗಲಿಯಲ್ಲಿ ಪ್ರಸಾದ. ಇವೆರಡರ ಜೊತೆಗೆ ಈಗ ಮೂರನೆಯ ಮಾತೊಂದು ಕೇಳಿಬರುತ್ತಿದೆ. ಬೇರೆ ಬೇರೆ ತಳಿಗಳನ್ನು ಕೂಡಿಸಿ, ಬಯಲಿನಲ್ಲಿ ಬೆಳೆದು, ಎಲೆಯ ಅಗಲ, ಗಿಡದ ಎತ್ತರ, ಹೂವಿನ ವಾಸನೆ, ಹೂಬಿಡುವ ಕಾಲ ಇವುಗಳನ್ನು ಗಮನಿಸುವುದು ಕೇವಲ ಸಸ್ಯಶಾಸ್ತ್ರದ ಕುತೂಹಲ. ಸೇದದವನಿಗೆ, ಮಾರದವನಿಗೆ ಅದರಲ್ಲಿ ಯಾವ ದೋಷ ಎಂಬುದು ಆ ಮಾತು. ಹೊರನಾಡುಗಳಲ್ಲಿ ಓದುವ, ದುಡಿಯುವ ತರುಣರ ಮೂಲಕ ಈ ವಾದ ನಮ್ಮ ಮನೆಗಳ ಊಟದ ಪಂಕ್ತಿಯವರೆಗೂ ಬರುವುದು ಅಸಂಭವವಲ್ಲ. ಅದಕ್ಕೆ ಸಿಡುಕಿನಿಂದಲ್ಲ, ವಿಚಾರದಿಂದ ಉತ್ತರ ಕೊಡಬೇಕಾಗಿದೆ.

ಮೊದಲಿಗೆ ಗಿಡದ ಪರವಾಗಿ ಹೇಳಬೇಕಾದುದನ್ನು ಹೇಳಬೇಕು. ಜೈನದರ್ಶನದಲ್ಲಿ ವನಸ್ಪತಿಯು ಏಕೇಂದ್ರಿಯ ಜೀವ. ಸ್ಪರ್ಶನೇಂದ್ರಿಯ, ಕಾಯಬಲ, ಆಯು, ಶ್ವಾಸೋಚ್ಛ್ವಾಸ ಎಂಬ ನಾಲ್ಕು ಪ್ರಾಣಗಳುಳ್ಳದ್ದು. ಮನಸ್ಸಿಲ್ಲದ ಆ ಜೀವವು ಯಾರನ್ನೂ ಮತ್ತರನ್ನಾಗಿಸಲು ಸಂಕಲ್ಪಿಸದು. ಅದರ ರಾಳ ಅದರ ದೇಹಧರ್ಮ. ಬೇವಿಗೆ ಕಹಿಯಿರುವಂತೆ ಅದಕ್ಕೆ ಅದು. ಆದ್ದರಿಂದ 'ಪಾಪಿಷ್ಠ ಗಿಡ' ಎಂಬ ಮಾತು ಶಾಸ್ತ್ರಕ್ಕೆ ಒಪ್ಪದು. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ಕಾನೂನಿನ ಪ್ರಕಾರ ಅದನ್ನು ಕಿತ್ತು ಸುಡುವಾಗಲೂ ಒಂದು ಸ್ಥಾವರಹಿಂಸೆ ನಡೆಯುತ್ತದೆ. ಆ ಹಿಂಸೆಯ ಭಾರ ಗಿಡವನ್ನು ಅಲ್ಲಿ ನೆಟ್ಟವನ ಮೇಲೆಯೂ ಇದೆ ಎಂಬುದನ್ನು ನೆಟ್ಟವನು ಮರೆಯುತ್ತಾನೆ.

ಇನ್ನು ಗಿಡದ ಸ್ವಭಾವ. ಈ ಸಸ್ಯದಲ್ಲಿ ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಒಯ್ಯುವುದು ಜೇನಲ್ಲ, ಗಾಳಿ. ಪರಾಗ ತಗುಲದೆ ಬೀಜಗಟ್ಟದ ಹೆಣ್ಣು ಹೂಗೊಂಚಲಿನಲ್ಲಿ ರಾಳವು ಹೆಚ್ಚು ಕೂಡುತ್ತದೆ. ಗಾಂಜಾ ಎನ್ನುವುದು ಆ ಗೊಂಚಲನ್ನೇ. ಆದುದರಿಂದ ಗಾಂಜಾ ಬೆಳೆಯುವವನು ಹೂ ಅರಳುವ ಮುನ್ನವೇ ಗಂಡು ಗಿಡಗಳನ್ನು ಗುರುತಿಸಿ ಕಿತ್ತೆಸೆಯುತ್ತಾನೆ. ಯೂರೋಪಿನ ನಾರಿನ ಗಿಡವನ್ನು ಕಂಡು ಲಿನೇಯಸನು 1753ರಲ್ಲಿ ಒಂದು ಹೆಸರಿಟ್ಟರೆ, ಭಾರತದಿಂದ ಬಂದ ಗಿಡವನ್ನು ಕಂಡು ಲಾಮಾರ್ಕನು 1785ರಲ್ಲಿ 'ಇಂಡಿಕಾ' ಎಂಬ ಇನ್ನೊಂದು ಹೆಸರಿಟ್ಟನು. ಇವು ಎರಡು ಜಾತಿಗಳೋ ಒಂದೇ ಜಾತಿಯ ಎರಡು ಮುಖಗಳೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಅವು ಒಂದರೊಡನೊಂದು ಸುಲಭವಾಗಿ ಕೂಡಿ ಬೀಜಗಟ್ಟುತ್ತವೆ ಎಂಬುದು ಮಾತ್ರ ನಿರ್ವಿವಾದ. ಮತ್ತೇರಿಸುವ ದ್ರವ್ಯವಾದ ಟಿ.ಎಚ್.ಸಿ.ಯನ್ನು 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಮತ್ತೇರಿಸದ ಇನ್ನೊಂದು ದ್ರವ್ಯ ಸಿ.ಬಿ.ಡಿ. ಟಿ.ಎಚ್.ಸಿ.ಯ ತಳಿಯನ್ನೂ ಸಿ.ಬಿ.ಡಿ.ಯ ತಳಿಯನ್ನೂ ಕೂಡಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಮೊದಲ ತಲೆಮಾರಿನ ಗಿಡಗಳೆಲ್ಲ ಎರಡನ್ನೂ ಹೊಂದಿದ ನಡುಗುಣದವಾದುವು. ಎರಡನೆಯ ತಲೆಮಾರಿನಲ್ಲಿ ಒಂದು ಪಾಲು ಒಂದು ಅಜ್ಜಿಯಂತೆ, ಒಂದು ಪಾಲು ಇನ್ನೊಂದು ಅಜ್ಜಿಯಂತೆ, ಎರಡು ಪಾಲು ನಡುಗುಣದವಾಗಿ ಒಡೆದುಕೊಂಡುವು. 1866ರಲ್ಲಿ ಮೆಂಡೆಲನು ತನ್ನ ಮಠದ ತೋಟದ ಬಟಾಣಿಯಲ್ಲಿ ಕಂಡು ಪ್ರಕಟಿಸಿದ ನಿಯಮದ ಜಾಡಿನಲ್ಲಿಯೇ ಈ ಗಿಡವೂ ನಡೆಯುತ್ತದೆ.

ಈ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿ ಅವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 'ವರಲಕ್ಷ್ಮಿ' ಎಂಬ ಸಂಕರ ಹತ್ತಿಯನ್ನು 1972ರಲ್ಲಿ ಕೊಟ್ಟರು. ದೇವಾಪುರದಂಥ ಊರುಗಳ ರೈತನಿಗೆ ಸಂಕರಬೀಜವೆಂಬ ಮಾತು ದಿನಬಳಕೆಯದು. ಸಂಜೆ ಹತ್ತಿಯ ಮೊಗ್ಗನ್ನು ಬಿಡಿಸಿ ಕೇಸರಗಳನ್ನು ತೆಗೆಯುವುದು, ಮರುದಿನ ಬೆಳಗ್ಗೆ ಇನ್ನೊಂದು ಹೂವಿನ ಪರಾಗವನ್ನು ಅದಕ್ಕೆ ಸವರುವುದು, ಹುಟ್ಟಿದುದರಲ್ಲಿ ಬೇಕಾದುದನ್ನು ಉಳಿಸಿ ಬೇಡವಾದುದನ್ನು ಕೈಬಿಡುವುದು: ಇದೇ ಆ ಕೆಲಸದ ಸಾರ. ಭಗವಾನ್ ಆದಿನಾಥರು ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದರೆಂದು ನಂಬುವ ಸಮಾಜಕ್ಕೆ ಕೃಷಿಯ ಜ್ಞಾನ ನಿಷಿದ್ಧವಾಗಲಾರದು. ಹೊಲದಲ್ಲಿ ಆಗುವ ಸ್ಥಾವರಹಿಂಸೆಯನ್ನು ಗೃಹಸ್ಥನು ಪೂರ್ತಿಯಾಗಿ ಬಿಡಲಾರನೆಂದೇ ಅದನ್ನು ಉದ್ಯೋಗೀ ಹಿಂಸೆಯೆಂದು ಬೇರೆಯಾಗಿ ಎಣಿಸಲಾಗಿದೆ. ಹಾಗಾದರೆ ಹತ್ತಿಯಲ್ಲಿ ಸಲ್ಲುವುದು ಗಾಂಜಾದಲ್ಲಿ ಸಲ್ಲಬಾರದೇಕೆ? ಎರಡರಲ್ಲಿಯೂ ಕೈಯ ಕೆಲಸ ಒಂದೇ ಅಲ್ಲವೆ?

ಇಲ್ಲಿಗೆ ಷಡ್ಲೇಶ್ಯೆಯ ವೃಕ್ಷ ಮತ್ತೆ ನೆನಪಾಗುತ್ತದೆ. ಆ ದೃಷ್ಟಾಂತದಲ್ಲಿ ಆರು ಮಂದಿಯೂ ಹೊರಟುಹೋದ ಬಳಿಕ ಉಳಿಯುವ ಮರದ ಸ್ವಭಾವ ಮೊದಲಿನದೇ. ಕಡಿದರೂ ಅದು ನೇರಳೆಯೇ, ಬಿಟ್ಟರೂ ನೇರಳೆಯೇ. ಆದರೆ ತಳಿ ಮಾಡುವವನು ಮರದ ಕೆಳಗೆ ನಿಂತು ಬಯಸುವ ಏಳನೆಯವನು. ಅವನ ಬಯಕೆ ಅವನೊಳಗೇ ಉಳಿಯುವುದಿಲ್ಲ, ಬೀಜದೊಳಗೆ ಇಳಿಯುತ್ತದೆ. ನೂರು ಗಿಡಗಳಲ್ಲಿ ಒಂದರ ಬೀಜವನ್ನು ತೆಗೆದಿಟ್ಟು ತೊಂಬತ್ತೊಂಬತ್ತನ್ನು ಬಿಟ್ಟಾಗ, ಮುಂದಿನ ವರ್ಷದ ಹೊಲವು ಅವನ ಇಚ್ಛೆಯಂತೆ ತಲೆಯೆತ್ತುತ್ತದೆ. ಹತ್ತು ವರ್ಷ ಹಾಗೆ ನಡೆದರೆ ಗಿಡವು ಅವನ ಲೇಶ್ಯೆಯ ಪ್ರತಿಬಿಂಬವಾಗುತ್ತದೆ. ಅವನು ಸತ್ತ ಮೇಲೆಯೂ ಆ ಬೀಜ ಮೊಳೆಯುತ್ತದೆ. ಗುಣವನ್ನು ಕಾಣುವುದು ಜ್ಞಾನ; ಕಂಡ ಗುಣಗಳಲ್ಲಿ ಒಂದನ್ನು ಉಳಿಸುವುದು ಕರ್ಮ. ಈ ಎರಡನ್ನು ಒಂದೇ ಎಂದು ಭಾವಿಸುವುದರಿಂದಲೇ 'ನಾನು ಸುಮ್ಮನೆ ಗಮನಿಸುತ್ತಿದ್ದೇನೆ' ಎಂಬ ಮಾತು ನಿರ್ದೋಷವಾಗಿ ಕಾಣುತ್ತದೆ.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಆ ಗಿಡದ ಚರಿತ್ರೆಯೇ ಸಾಕ್ಷಿ. ಹಿಮಾಲಯದ ಕುಮಾವೂಂ, ಗಢವಾಲಗಳ ಜನ ಅದರ ಬೀಜವನ್ನು ಅರೆದು ಚಟ್ನಿ ಮಾಡುತ್ತಾರೆ; ತೊಗಟೆಯ ನಾರಿನಿಂದ ಹಗ್ಗ, ಗೋಣಿತಟ್ಟು ಮಾಡುತ್ತ ಬಂದಿದ್ದಾರೆ. ಉತ್ತರಾಖಂಡ ಸರಕಾರವು ಟಿ.ಎಚ್.ಸಿ. ಶೇಕಡಾ 0.3ನ್ನು ಮೀರದ ತಳಿಗಳನ್ನು ನಾರು, ಬೀಜಗಳಿಗಾಗಿ ಬೆಳೆಯಲು ಪರವಾನಗಿಯ ಕ್ರಮವನ್ನು ತಂದಿತು. ಅದರ ಬೀಜ, ಬೀಜದ ಎಣ್ಣೆ, ಹಿಟ್ಟುಗಳನ್ನು ಮಿತಿಗೊಳಪಟ್ಟು ಆಹಾರವೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2021ರಲ್ಲಿ ಒಪ್ಪಿತು. ಇದೇ ಕಾಲದಲ್ಲಿ ಅಮೆರಿಕ, ಯೂರೋಪುಗಳಲ್ಲಿ ಮತ್ತಿಗಾಗಿ ಆಯ್ದ ತಳಿಗಳಲ್ಲಿ ಅದೇ ದ್ರವ್ಯದ ಪ್ರಮಾಣ ಹಲವು ಮಡಿ ಏರಿತು. ಒಂದೇ ಸಸ್ಯ ಎರಡು ಕೈಗಳಲ್ಲಿ ಎರಡು ದಿಕ್ಕಿಗೆ ನಡೆಯಿತು. ಒಂದು ಕೈ ಹಗ್ಗವನ್ನು ಬಯಸಿತು, ಇನ್ನೊಂದು ಕೈ ಮರವೆಯನ್ನು ಬಯಸಿತು. ಗಿಡವು ಎರಡನ್ನೂ ಕೊಟ್ಟಿತು.

ಮರವೆಯನ್ನು ಬಯಸುವುದೇಕೆ ದೋಷ? ಮದ್ಯತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಒಂದು. ಆದರೆ ಗಾಂಜಾ ಮದ್ಯವಲ್ಲವಲ್ಲ ಎಂದು ಕೇಳುವವರಿದ್ದಾರೆ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಮದ್ಯದ ವಿಷಯದಲ್ಲಿ ಎರಡು ಕಾರಣಗಳನ್ನು ಕಾಣಿಸಿದ್ದಾರೆ. ಕೊಳೆಯಿಸಿದ ರಸದಲ್ಲಿ ಹುಟ್ಟುವ ಅಸಂಖ್ಯ ಜೀವಗಳ ಘಾತವಾಗುತ್ತದೆಂಬುದು ಒಂದು. ಅದು ಮನಸ್ಸನ್ನು ಮೋಹಗೊಳಿಸಿ, ಮೋಹಗೊಂಡವನು ಧರ್ಮವನ್ನು ಮರೆತು ಹಿಂಸೆಗೆ ಹೇಸದಂತಾಗುವನೆಂಬುದು ಇನ್ನೊಂದು. ಒಣಗಿದ ಗಾಂಜಾದಲ್ಲಿ ಮೊದಲನೆಯ ಕಾರಣ ನಿಲ್ಲದಿರಬಹುದು. ಅದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಎರಡನೆಯ ಕಾರಣ ಮಾತ್ರ ಹಾಗೆಯೇ ನಿಲ್ಲುತ್ತದೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು ಇಟ್ಟಿದೆ. ಭೋಗೋಪಭೋಗಗಳ ಪರಿಮಾಣವನ್ನು ಹೇಳುವಾಗ ಬಹುಜೀವಘಾತಕವಾದುವನ್ನು ಬಿಡಬೇಕೆಂದಂತೆಯೇ ಪ್ರಮಾದಕರವಾದುವನ್ನೂ ಬಿಡಬೇಕೆಂದು ಆಚಾರ್ಯರು ಬೇರೆಯಾಗಿಯೇ ಹೇಳಿದ್ದಾರೆ. ಎಚ್ಚರವನ್ನು ಕಳೆಯುವುದು ಜೈನನಿಗೆ ಒಂದು ಸಣ್ಣ ಸುಖದ ಪ್ರಶ್ನೆಯಲ್ಲ. ಹೆಜ್ಜೆಯಿಡುವಾಗ ಇರುವೆಯನ್ನು ಕಾಣುವ ಕಣ್ಣಿನ ಪ್ರಶ್ನೆ.

ಆದರೂ 'ಸೇದುವುದಿಲ್ಲ, ಬೆಳೆದು ನೋಡುತ್ತೇನೆ' ಎನ್ನುವವನ ವಾದ ಇನ್ನೂ ಉಳಿದಿದೆ. ಅವನ ಕೆಲಸವನ್ನು ಸಮಂತಭದ್ರಾಚಾರ್ಯರ ಅನರ್ಥದಂಡದ ವಿಚಾರದಲ್ಲಿ ಇಟ್ಟು ಪರೀಕ್ಷಿಸಬಹುದು. ರತ್ನಕರಂಡಕದಲ್ಲಿ ಅನರ್ಥದಂಡಗಳು ಐದು: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ಸಸ್ಯವನ್ನು ಕಡಿಯುವುದು ಪ್ರಮಾದಚರ್ಯೆ. ಯಾರ ಹಸಿವನ್ನೂ ನೀಗಿಸದ, ಯಾರ ಮೈಯನ್ನೂ ಮುಚ್ಚದ ಬೆಳೆಯಲ್ಲಿ ಗಂಡು ಗಿಡಗಳನ್ನೆಲ್ಲ ಕಿತ್ತು ಹಾಕುವುದು ಇದಕ್ಕೆ ಸೇರದೆ ಇನ್ನಾವುದಕ್ಕೆ ಸೇರೀತು? ಆಯ್ದ ಬೀಜವನ್ನು ಗೆಳೆಯನಿಗೆ ಕೊಟ್ಟರೆ, ವಿಷವನ್ನೋ ಆಯುಧವನ್ನೋ ಕೈಗಿತ್ತಂತೆ, ಅದು ಹಿಂಸಾದಾನಕ್ಕೆ ಸಮೀಪವಾಗುತ್ತದೆ. ಬೆಳೆಯುವ ಕ್ರಮವನ್ನು ಕಲಿಸಿದರೆ ಪಾಪೋಪದೇಶ ದೂರವಿಲ್ಲ. ಸೇದದಿರುವುದು ಕೃತದಿಂದ ಮಾತ್ರ ಬಿಡುಗಡೆ. ಕಾರಿತ, ಅನುಮೋದನೆಗಳ ಲೆಕ್ಕ ಹಾಗೆಯೇ ಉಳಿಯುತ್ತದೆ.

ಬಯಲಿನಲ್ಲಿ ಬೆಳೆಯುವುದಕ್ಕೆ ಇನ್ನೂ ಒಂದು ತೊಡಕಿದೆ. ಗಾಳಿಯಿಂದ ಒಯ್ಯಲ್ಪಡುವ ಪರಾಗಕ್ಕೆ ಬೇಲಿಯಿಲ್ಲ; ಅದು ಹಲವು ಕಿಲೋಮೀಟರು ದೂರ ಸಾಗಬಲ್ಲುದು. ನಾರಿಗಾಗಿ ಸಾತ್ವಿಕವಾದ ತಳಿಯನ್ನು ಜೋಪಾನ ಮಾಡಿದವನ ಹೊಲಕ್ಕೆ ಮತ್ತಿನ ತಳಿಯ ಪರಾಗ ಬಿದ್ದರೆ ಅವನ ಮುಂದಿನ ಬೀಜ ಕೆಡುತ್ತದೆ. ತನ್ನ ಹೊಲದಲ್ಲಿ ತಾನು ಏನಾದರೂ ಮಾಡಿಕೊಳ್ಳುವೆನೆಂಬ ಮಾತು ಗಾಳಿಯನ್ನು ನಂಬಿದ ಬೆಳೆಯಲ್ಲಿ ಸಲ್ಲುವುದಿಲ್ಲ. ಹಿಂದೆಗೆದುಕೊಳ್ಳಲಾಗದ ಕೆಲಸವನ್ನು ಮಾಡುವವನಿಗೆ ಇರಬೇಕಾದ ಎಚ್ಚರ, ಹಿಂದೆಗೆದುಕೊಳ್ಳಬಹುದಾದುದನ್ನು ಮಾಡುವವನಿಗಿಂತ ಹೆಚ್ಚಿನದು.

ಇಷ್ಟನ್ನು ಹೇಳಿ, ಹತ್ತಿಯನ್ನು ಬೆಳೆದವನು ಶುದ್ಧನೆಂದು ಬಿಟ್ಟುಬಿಡುವುದೂ ತಪ್ಪಾದೀತು. ಸಂಕರ ಹತ್ತಿಬೀಜದ ಹೊಲಗಳಲ್ಲಿ ಆ ಮೊಗ್ಗು ಬಿಡಿಸುವ ಕೆಲಸಕ್ಕೆ ಚಿಕ್ಕ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ದುಡಿಸಿಕೊಂಡ ಸಂಗತಿ ಆಂಧ್ರ, ಕರ್ನಾಟಕ, ಗುಜರಾತುಗಳಿಂದ ಹಲವು ಬಾರಿ ಬೆಳಕಿಗೆ ಬಂದಿದೆ. ಕಾನೂನು ಒಪ್ಪಿದ ಗಿಡದಲ್ಲಿಯೂ ಹಿಂಸೆ ಅಡಗಿರಬಹುದು. ಗಿಡದ ಹೆಸರನ್ನು ಕೇಳಿ ತೀರ್ಪು ಕೊಡುವುದಕ್ಕಿಂತ, ಆ ಗಿಡದಿಂದ ಏನನ್ನು ಬಯಸಲಾಯಿತು, ಆ ಬಯಕೆಗೆ ಯಾರು ಬೆಲೆ ತೆತ್ತರು ಎಂದು ಕೇಳುವುದು ಶ್ರಾವಕನ ಕ್ರಮ.

ಔಷಧದ ವಿಷಯದಲ್ಲಿಯೂ ಈ ಕ್ರಮವೇ ಸಲ್ಲುತ್ತದೆ. ದೇವಾಪುರದಿಂದ ಬಹುದೂರವಲ್ಲದ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಆ ಕಾಲದ ಉಗ್ರಾದಿತ್ಯಾಚಾರ್ಯರು ತಮ್ಮ ಕಲ್ಯಾಣಕಾರಕವೆಂಬ ವೈದ್ಯಗ್ರಂಥದಲ್ಲಿ ಮದ್ಯ, ಮಾಂಸ, ಮಧುಗಳಿಲ್ಲದೆ ಚಿಕಿತ್ಸೆಯನ್ನು ನಿರೂಪಿಸಿದರು. ರೋಗವನ್ನು ಕಳೆಯಲು ಯಾವ ಸಾಧನವಾದರೂ ಆಗಬಹುದೆಂಬ ಮಾತನ್ನು ಅವರು ಒಪ್ಪಲಿಲ್ಲ. ಹಾಗೆಂದು ಸಸ್ಯಗಳ ಶಕ್ತಿಯನ್ನು ಅಲ್ಲಗಳೆಯಲೂ ಇಲ್ಲ. ಇಂದು ಮಕ್ಕಳ ಕೆಲವು ಕಠಿನ ಅಪಸ್ಮಾರಗಳಿಗೆ ಸಿ.ಬಿ.ಡಿ.ಯಿಂದ ಮಾಡಿದ ಔಷಧವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಅಂಗೀಕರಿಸಿದೆ. ನಮ್ಮ ದೇಶದಲ್ಲಿಯೂ ಜಮ್ಮುವಿನ ಸರಕಾರಿ ಸಂಶೋಧನಾ ಸಂಸ್ಥೆಯೊಂದರಲ್ಲಿ ಪರವಾನಗಿಯ ಮೇರೆಗೆ ಈ ಸಸ್ಯದ ಸಂಶೋಧನೆ ನಡೆದಿದೆ. ತಿಳಿಯಬೇಕೆಂಬ ನಿಜವಾದ ಹಂಬಲವುಳ್ಳವನಿಗೆ ಅಂಥ ಬಾಗಿಲು ಇದೆ. ಲೆಕ್ಕವಿಟ್ಟು, ಬೇಲಿಯಿಟ್ಟು, ಇನ್ನೊಬ್ಬರಿಗೆ ಉತ್ತರ ಹೇಳುವ ಸ್ಥಿತಿಯಲ್ಲಿ ನಿಂತು ನೋಡುವ ನೋಟಕ್ಕೂ, ತೊಗರಿಯ ಮರೆಯಲ್ಲಿ ನೋಡುವ ನೋಟಕ್ಕೂ ಅಂತರವಿದೆ. ಬಚ್ಚಿಡಬೇಕಾದ ಕುತೂಹಲವನ್ನು ಮನಸ್ಸು ಆಗಲೇ ಸಂಶಯಿಸಿರುತ್ತದೆ.

ತಿಂಥಣಿಯ ಭಕ್ತರ ವಿಷಯದಲ್ಲಿ ಜೈನನು ಹೇಗೆ ನಡೆಯಬೇಕು? ಅವರು ಅದನ್ನು ಮತ್ತೆಂದು ಕರೆಯುವುದಿಲ್ಲ, ಧ್ಯಾನದ ಸಾಧನವೆನ್ನುತ್ತಾರೆ. ಅನೇಕಾಂತವನ್ನು ನಂಬಿದವನು ಅವರ ನಯದಿಂದ ಅವರ ಮಾತನ್ನು ಕೇಳಬಲ್ಲನು. ಹಿಂದೂ ಮುಸಲ್ಮಾನರನ್ನು ಒಂದೆಡೆಗೆ ತಂದ ಮೌನೇಶ್ವರರ ಹಿರಿಮೆಯನ್ನು ಗೌರವಿಸಬಲ್ಲನು. ಕೇಳುವುದು ಒಪ್ಪುವುದಲ್ಲ. ಧ್ಯಾನವು ಎಚ್ಚರದ ಪರಾಕಾಷ್ಠೆಯೆಂದು ತಿಳಿದವನಿಗೆ ಎಚ್ಚರವನ್ನು ಮಸುಕುಗೊಳಿಸುವ ಸಾಧನ ಬೇಡವಾಗುತ್ತದೆ. ನೆರೆಯವರನ್ನು ನಿಂದಿಸದೆಯೇ ತನ್ನ ವ್ರತದಲ್ಲಿ ಗಟ್ಟಿಯಾಗಿರುವುದು ಸಾಧ್ಯ.

ಕೊನೆಯದಾಗಿ, ಬಸದಿಗಳ ಹಾಗೂ ಟ್ರಸ್ಟುಗಳ ವಿಶ್ವಸ್ತರಿಗೆ ಸಂಬಂಧಿಸಿದ ಕಠಿನವಾದ ಮಾತು. ಒಂದು ಸಂದರ್ಭವನ್ನು ಊಹಿಸಬಹುದು. ಟ್ರಸ್ಟಿನ ಹೊಲದಲ್ಲಿ ದುಡಿಯುವ ಬಡವನೊಬ್ಬನು ಸಾಲದ ಒತ್ತಡಕ್ಕೆ ಸಿಕ್ಕಿ ಹತ್ತಿಯ ಸಾಲುಗಳ ನಡುವೆ ಹತ್ತು ಗಾಂಜಾ ಗಿಡ ಹಾಕಿದ್ದಾನೆ. ಪೂಜೆಯ ಹೂವಿಗೆಂದು ಹೋದ ವಿಶ್ವಸ್ತರ ಕಣ್ಣಿಗೆ ಅದು ಬೀಳುತ್ತದೆ. 1985ರ ಮಾದಕ ದ್ರವ್ಯಗಳ ಅಧಿನಿಯಮವು ಗಾಂಜಾ ಗಿಡದ ಅಕ್ರಮ ಬೇಸಾಯಕ್ಕೆ ಹತ್ತು ವರ್ಷಗಳವರೆಗಿನ ಕಠಿನ ಕಾರಾಗೃಹವಾಸವನ್ನೂ ಒಂದು ಲಕ್ಷ ರೂಪಾಯಿಯವರೆಗಿನ ದಂಡವನ್ನೂ ವಿಧಿಸುತ್ತದೆ. ಅದರ 46ನೆಯ ಕಲಮು, ಭೂಮಿಯ ಒಡೆತನವುಳ್ಳವನು ತನ್ನ ಭೂಮಿಯಲ್ಲಿ ಅಂಥ ಗಿಡವಿದ್ದರೆ ಕೂಡಲೇ ಅಧಿಕಾರಿಗಳಿಗೆ ತಿಳಿಸಬೇಕೆನ್ನುತ್ತದೆ. ತಿಳಿದೂ ತಿಳಿಸದಿರುವುದು ಶಿಕ್ಷಾರ್ಹ. 25ನೆಯ ಕಲಮಿನಂತೆ ತನ್ನ ಸ್ಥಳವನ್ನು ಇಂಥ ಅಪರಾಧಕ್ಕೆ ತಿಳಿದು ಬಿಟ್ಟುಕೊಟ್ಟವನೂ ಅಪರಾಧಿ. ಸುಮ್ಮನಿರುವುದೂ ಅನುಮೋದನೆಯೆಂದು ಶಾಸ್ತ್ರ ಹೇಳಿದುದನ್ನು ಕಾನೂನು ತನ್ನ ಭಾಷೆಯಲ್ಲಿ ಹೇಳಿದೆ.

ಆದರೆ ಸತ್ಯಾಣುವ್ರತವನ್ನು ಹೇಳುವಲ್ಲಿ ಸಮಂತಭದ್ರರು ಇನ್ನೊಬ್ಬರಿಗೆ ವಿಪತ್ತನ್ನು ತರುವ ಸತ್ಯವನ್ನೂ ಗೃಹಸ್ಥನು ನುಡಿಯಬಾರದೆಂದಿದ್ದಾರಲ್ಲವೆ? ವಿಶ್ವಸ್ತರು ಬಾಯಿ ತೆರೆದರೆ ಒಂದು ಕುಟುಂಬದ ದುಡಿಯುವ ಕೈ ಸೆರೆಮನೆಗೆ ಹೋಗುತ್ತದೆ. ಈ ಸಂಕಟ ಸುಳ್ಳಲ್ಲ. ಆದರೆ ಮೌನದಿಂದ ವಿಪತ್ತು ತಪ್ಪುವುದಿಲ್ಲ, ಸ್ಥಳ ಬದಲಿಸುತ್ತದೆ. ಆ ಹತ್ತು ಗಿಡಗಳ ಹೊಗೆ ಯಾವುದೋ ಊರಿನ ಹದಿನಾರರ ಹುಡುಗನ ಎದೆಗೆ ಇಳಿಯುತ್ತದೆ. ಮುಂದಿನ ವರ್ಷ ಹತ್ತು ನೂರಾಗುತ್ತದೆ. ಸಿಕ್ಕಿಬಿದ್ದ ದಿನ ಬಡವನು ಒಬ್ಬನೇ ಸಿಕ್ಕಿಬೀಳುತ್ತಾನೆ. ಕೊಂಡವನೂ ಬೀಜ ಕೊಟ್ಟವನೂ ದೂರದಲ್ಲಿರುತ್ತಾರೆ. ಕರುಣೆಯು ಮೌನದ ರೂಪದಲ್ಲಿ ಬಂದಾಗ ಅದು ನಿಜವಾಗಿ ಯಾರ ಮೇಲಿನ ಕರುಣೆಯೆಂದು ಕೇಳಿಕೊಳ್ಳಬೇಕು. ಬಹುಮಟ್ಟಿಗೆ ಅದು ತನ್ನ ನೆಮ್ಮದಿಯ ಮೇಲಿನದೇ ಆಗಿರುತ್ತದೆ.

ಆದುದರಿಂದ ವಿಶ್ವಸ್ತರ ಧರ್ಮ ಗಿಡ ಕಾಣಿಸಿದ ದಿನ ಆರಂಭವಾಗುವುದಲ್ಲ. ಬಿತ್ತನೆಗೆ ಮುಂಚೆ ಆರಂಭವಾಗಬೇಕು. ಈ ಬೆಳೆ ಬೇಡವೆಂದು ಮುಂಗಡವಾಗಿ ಸ್ಪಷ್ಟಪಡಿಸುವುದು, ವರ್ಷಕ್ಕೆರಡು ಬಾರಿಯಾದರೂ ಹೊಲದೊಳಗೆ ಕಾಲಿಟ್ಟು ನೋಡುವುದು, ಬೆಳೆ ಕೈಕೊಟ್ಟ ವರ್ಷ ದುಡಿಯುವವನ ಪಾಲನ್ನು ಸಡಿಲಿಸುವುದು, ಬಡ್ಡಿಯ ಸಾಲಕ್ಕೆ ಅವನು ಹೋಗದಂತೆ ಕೈಹಿಡಿಯುವುದು ಇವೇ ಆ ಸಂಕಟ ಬಾರದಂತೆ ಕಟ್ಟುವ ಒಡ್ಡುಗಳು. ಇಷ್ಟಾದ ಮೇಲೆಯೂ ಗಿಡ ಕಂಡರೆ ತಿಳಿಸಲೇಬೇಕು. ತಿಳಿಸಿದ ಮೇಲೆ ಆ ಮನೆಯ ಮಕ್ಕಳ ಊಟ, ಓದು, ವಕೀಲರ ನೆರವುಗಳ ಹೊಣೆಯನ್ನು ಟ್ರಸ್ಟು ಹೊರಬೇಕು. ತಿಳಿಸಿ ಕೈತೊಳೆದುಕೊಳ್ಳುವವನ ಸತ್ಯ ಅರ್ಧ ಸತ್ಯ.

ಮನೆಯ ತರುಣರ ಕುತೂಹಲವನ್ನೂ ಬರಿದೇ ಅದುಮಬಾರದು. ಗುಣಗಳು ಹೇಗೆ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತವೆ ಎಂಬುದನ್ನು ನೋಡಲು ಬಟಾಣಿ ಸಾಕು, ಬೆಂಡೆ ಸಾಕು, ಹಿತ್ತಲಿನ ಮೆಣಸಿನ ಗಿಡ ಸಾಕು. ಶಹಾಪುರ ತಾಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವೇ ಇದೆ. ಎರಡು ಬಣ್ಣದ ಹೂಗಳನ್ನು ಕೂಡಿಸಿ ಮೂರನೆಯ ವರ್ಷ ಅಜ್ಜಿಯ ಬಣ್ಣ ಮರಳಿ ಬಂದುದನ್ನು ಕಂಡ ಬಾಲಕನಿಗೆ ಕರ್ಮವು ಮರೆಯಲ್ಲಿದ್ದು ಕಾಲ ಬಂದಾಗ ಉದಯಕ್ಕೆ ಬರುವುದೆಂಬ ಮಾತು ಬೇರೆ ರೀತಿಯಲ್ಲಿ ಅರ್ಥವಾದೀತು. ಆ ಬಾಲಕನಿಗೆ ಹಿರಿಯರು ಕಲಿಸಬೇಕಾದುದು ಇಷ್ಟೆ. ಗಿಡ ಕೇಳಿದುದನ್ನು ಕೊಡುತ್ತದೆ. ಅದರಲ್ಲಿ ದೋಷವಿಲ್ಲ. ಏನನ್ನು ಕೇಳಬೇಕೆಂಬುದು, ಮರದ ಕೆಳಗೆ ನಿಂತ ಆರು ಮಂದಿಗೆ ಇದ್ದಂತೆಯೇ, ಬೀಜ ಹಿಡಿದ ಪ್ರತಿಯೊಬ್ಬನಿಗೂ ಬಿಟ್ಟದ್ದು.